ನಾಲ್ಕೂವರೆ ಬೆರಳಿನ ಮಿಷಿಗನ್

ಅವರ ಬಲಗೈಯಲ್ಲಿ ನಾಲ್ಕೂವರೆ ಬೆರಳಿದ್ದವು. ಉಂಗುರ ಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಬೇರೆಯವರಾದರೆ ಅಂಥ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರೇನೋ, ಇವರು ದಿನಕ್ಕೆ ಹತ್ತು ಸಲ ಅದನ್ನು ನಮ್ಮ ಮುಖದ ಮುಂದೆ ಎತ್ತಿ ಹಿಡಿಯುತ್ತಿದ್ದರು. ಹೊಸಬರು ನೋಡಿದರೆ ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು. ಕ್ಯಾಲೆಂಡರಿನ ದೇವರ ಅಭಯಹಸ್ತ ಇರುತ್ತದಲ್ಲ, ಥೇಟ್ ಹಾಗೆ. ಆದರೆ ಅದು ಭೂಪಟ. ಅಮೆರಿಕದ ಮಿಷಿಗನ್ ರಾಜ್ಯ ಎತ್ತಿ ಹಿಡಿದ ಬಲ ಅಂಗೈಯ ಆಕಾರದಲ್ಲೇ ಇದೆಯಂತೆ, ಸುತ್ತಲೂ ಸಮುದ್ರದಷ್ಟು ದೊಡ್ಡ ಸರೋವರಗಳಂತೆ. ಆ ಅಂಗೈಯನ್ನು ನಾನು ಎರಡು ವರ್ಷ ಓದಿದ್ದೇನೆ. ನನ್ನ ಗದಗಿನ ಓಣಿಗಳೂ ಅಷ್ಟು ಬಾಯಿಪಾಠ ಬರುವುದಿಲ್ಲ.

ಕಳೆದ ತಿಂಗಳು ಅವರು ಕ್ರೈಸ್ಟ್‌ಚರ್ಚಿನಲ್ಲಿ ತೀರಿಕೊಂಡರು. ಅಲ್ಲಿಯ ಕನ್ನಡ ಕೂಟದ ಕಾರ್ಯದರ್ಶಿ ಫೋನ್ ಮಾಡಿ, "ಅಂಕಲ್ ನೆನಪಿಗೆ ಒಂದು ಸಣ್ಣ ಸಂಚಿಕೆ ತರ್ತಿದೀವಿ. ನೀವು ಹಾರ್ನ್‌ಬಿ ಫ್ಯಾಕ್ಟರೀಲಿ ಅವರ ಕೈಕೆಳಗೆ ಇದ್ರಲ್ವಾ, ಎರಡು ಒಳ್ಳೇ ಮಾತು ಬರ್ಕೊಡಿ" ಎಂದರು.

"ಎರಡು ಇಲ್ರಿ ನನ್ನ ಹತ್ರ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗಲೂ ಅವರ ಬಗ್ಗೆ ನಾನು ಕೆಟ್ಟದ್ದನ್ನೇ ಆಡಿದ್ದೇನೆ, ಅವರ ಎದುರಿಗೇ ಆಡಿದ್ದೇನೆ. ಈಗ ಸತ್ತರೆಂದು ಮಾತು ಬದಲಿಸಿದರೆ ಅವರಿಗೇ ಅವಮಾನ. ಮೊದಲು ಬರೆಯುವುದಿಲ್ಲ ಎಂದಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಎಂಬುದು ಕೊನೆಗೆ ತಿಳಿಯುತ್ತದೆ.

ಊರಂಚಿನ ಹಾರ್ನ್‌ಬಿಯ ನಮ್ಮ ಫ್ಯಾಕ್ಟರಿಯಲ್ಲಿ ತಗಡು ಒತ್ತಿ ಹಸುಗಳಿಗೆ ನೀರಿನ ತೊಟ್ಟಿ, ಟ್ರೇಲರಿನ ಮಡ್‌ಗಾರ್ಡು, ಗೇಟಿನ ಬಿಜಾಗರಿ ಇಂಥವನ್ನು ಮಾಡುತ್ತಿದ್ದರು. ನಾನು ಈ ದೇಶಕ್ಕೆ ಓದಲು ಬಂದು, ಒಂದು ವರ್ಷದ ಕೋರ್ಸು ಮುಗಿಸಿ, ಅಲ್ಲಿ ಪ್ರೆಸ್, ಅಂದರೆ ತಗಡು ಒತ್ತುವ ಯಂತ್ರ, ನಡೆಸುವ ಕೆಲಸಕ್ಕೆ ಸೇರಿದವಳು. ಅವರು ನಮ್ಮ ಪಾಳಿಯ ಸೂಪರ್‌ವೈಸರ್. ಮೈಸೂರಿನವರು, ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಕೆಲಸದ ಅಂಗಿ ಹಾಕುವ ಏಕೈಕ ಪ್ರಾಣಿ. ಮೊದಲ ದಿನ ಖುಷಿಯಿಂದ ಹತ್ತಿರ ಹೋಗಿ "ನಮಸ್ಕಾರ್ರಿ ಅಂಕಲ್" ಎಂದೆ. "ಹಳದಿ ಗೆರೆ ಆಚೆ ಅಂಕಲ್. ಈಚೆ ಸರ್. ಈಚೆ ಕನ್ನಡಾನೂ ಬೇಡ, ಪಕ್ಕದೋನಿಗೆ ಅರ್ಥ ಆಗ್ದೇ ಇರೋ ಮಾತು ಮೆಷಿನ್ ಹತ್ರ ಆಡ್ಬಾರ್ದು" ಎಂದರು. ಪ್ರತಿ ಯಂತ್ರದ ಸುತ್ತಲೂ ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತಾರೆ. ಆ ಗೆರೆಯ ಮೇಲೆ ಆ ಮನುಷ್ಯನಿಗಿದ್ದ ಭಕ್ತಿ ದೇವಸ್ಥಾನದ ಹೊಸಿಲ ಮೇಲೂ ಇರಲಿಲ್ಲ.

ಗೆರೆಯಾಚೆ ಊಟದ ಕೋಣೆ. ಅಲ್ಲಿ ಕನ್ನಡ ನಡೆಯುತ್ತಿತ್ತು, ಮಿಷಿಗನ್ ಶುರುವಾಗುತ್ತಿತ್ತು. ನನ್ನ ಡಬ್ಬಿಯಿಂದ ಕೇಳದೆಯೇ ಅರ್ಧ ಜೋಳದ ರೊಟ್ಟಿ ಮುರಿದುಕೊಂಡು, "ನಿಮ್ಮ ಕಡೆಯೋರು ಇದನ್ನ ಹೇಗಮ್ಮಾ ದಿನಾ ತಿಂತೀರಾ" ಎನ್ನುತ್ತ ಪೂರ್ತಿ ತಿಂದು, ಕೈ ಒರೆಸಿಕೊಂಡು ಅಂಗೈ ಎತ್ತುತ್ತಿದ್ದರು.

"ಇಲ್ಲಿ ನೋಡು. ಇದು ಹೆಬ್ಬೆರಳು. ಇಲ್ಲಿ ಸಕ್ಕರೆಗೆ ಬೀಟ್‌ರೂಟ್ ಥರದ್ದೊಂದು ಗೆಡ್ಡೆ ಬೆಳೀತಾರೆ, ನಮ್ಮ ಮಂಡ್ಯ ಅಂತ ಇಟ್ಕೋ. ಕಿರುಬೆರಳಲ್ಲಿ ಚೆರ್ರಿ ತೋಟ. ಹೆಬ್ಬೆರಳ ಬುಡಕ್ಕೆ ಬಾ, ಡೆಟ್ರಾಯಿಟ್. ಊರ ಕೆಳಗೆ ಉಪ್ಪಿನ ಗಣಿ, ಊರ ಮೇಲೆ ಕಾರ್ ಫ್ಯಾಕ್ಟರಿ." ಎಡಗೈಯನ್ನು ಬೆರಳ ತುದಿಗಳ ಮೇಲೆ ಅಡ್ಡ ಇಟ್ಟರೆ ಅದು ರಾಜ್ಯದ ಉತ್ತರದ ತುಂಡು, ಕಬ್ಬಿಣದ ಅದಿರಿನ ನಾಡು. "ಅದಿರು ಮೇಲಿಂದ ಇಳಿಯುತ್ತೆ. ಸುಣ್ಣದಕಲ್ಲು ತೋರುಬೆರಳಿಂದ ಬರುತ್ತೆ. ಕಲ್ಲಿದ್ದಲು ದಕ್ಷಿಣದಿಂದ. ಮೂರೂ ನೀರಿನ ಮೇಲೇ ಬರ್ಬೇಕು, ಲಾರೀಲಿ ತಂದ್ರೆ ಗಿಟ್ಟಲ್ಲ. ಮೂರೂ ಒಂದು ದಡದಲ್ಲಿ ಸೇರಿದ್ರೆ ಉಕ್ಕು. ಉಕ್ಕು ಇದ್ದ ಕಡೆ ಕಾರು. ಈ ಹಾರ್ನ್‌ಬೀಲಿ ಏನು ಸೇರುತ್ತೆ ಹೇಳು? ಎರಡು ಲಾರಿ ಸೇರುತ್ತೆ. ಒಂದು ಬರೋದು, ಒಂದು ಹೋಗೋದು."

ಸಮೋವಾದಿಂದ ಬಂದ ನಮ್ಮ ಫೋರ್ಕ್‌ಲಿಫ್ಟ್ ಚಾಲಕ ಒಮ್ಮೆ ಆ ಅರ್ಧ ಬೆರಳನ್ನು ತೋರಿಸಿ ಇಲ್ಲೇನಾಯಿತು ಎಂದು ಕೇಳಿದ. "ಅಲ್ಲಿ ಸರೋವರ ಸ್ವಲ್ಪ ನೆಲ ತಿಂದುಬಿಟ್ಟಿದೆ" ಎಂದು ಇವರು ಇಂಗ್ಲಿಷಿನಲ್ಲಿ ಹೇಳಿದರು. ಅವನು ಹೊಟ್ಟೆ ಹಿಡಿದು ನಕ್ಕ. ಅವರ ಮುಖದಲ್ಲಿ ನಗೆಯ ಸುಳಿವಿರಲಿಲ್ಲ.

ಕೂಟದವರು ಒಂದು ಬೇಸಿಗೆಯಲ್ಲಿ ಟೆಕಾಪೋ ಸರೋವರಕ್ಕೆ ಪಿಕ್ನಿಕ್ ಇಟ್ಟರು. ಅಷ್ಟು ನೀಲಿ ನೀರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ಇವರು ಬೆನ್ನು ಹಾಕಿ ನಿಂತು ಪುಳಿಯೋಗರೆ ತಿನ್ನುತ್ತಿದ್ದರು. "ಆ ದಡ ಕಾಣ್ಸುತ್ತಲ್ಲ. ದಡ ಕಂಡ್ರೆ ಅದು ಕೆರೆ" ಎಂದರು. ರಾಜ್ಯೋತ್ಸವದಂದು ಮಕ್ಕಳಿಗೆ ನಮ್ಮ ನಾಡಿನ ಬಗ್ಗೆ ಐದು ನಿಮಿಷ ಹೇಳಿ ಎಂದು ಮೈಕ್ ಕೊಟ್ಟರೆ, ತುಂಗಭದ್ರೆಯಿಂದ ಶುರುಮಾಡಿ ಎರಡನೇ ನಿಮಿಷಕ್ಕೆ ಅಂಗೈ ಎತ್ತಿದರು. ಕನ್ನಡಾಂಬೆಯ ಪಟದ ಮುಂದೆ ನಿಂತು ಅರ್ಧ ಗಂಟೆ ಅಮೆರಿಕದ ಅದಿರು, ಹಡಗು, ಕಾರು. ಇಲ್ಲೇ ಹುಟ್ಟಿದ ಮಕ್ಕಳಿಗೆ ಕರ್ನಾಟಕವೂ ಒಂದೇ, ಮಿಷಿಗನ್ನೂ ಒಂದೇ, ಅವು ಸಮೋಸ ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದವು.

ಇನ್ನೊಂದು ಹುಚ್ಚು ಅವರ ಕಾರು. ಆ ರಾಜ್ಯದಲ್ಲಿ ಚಳಿಗಾಲಕ್ಕೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರಂತೆ, ಕಾರಿನ ತಳ ತುಕ್ಕು ಹಿಡಿಯುತ್ತದಂತೆ. ಕ್ರೈಸ್ಟ್‌ಚರ್ಚಿನಲ್ಲಿ ಯಾರೂ ನಮ್ಮ ರಸ್ತೆಗಳಿಗೆ ಉಪ್ಪು ಸುರಿದದ್ದು ನಾನು ಕಂಡಿಲ್ಲ. ಆದರೂ ಚಳಿಗಾಲದ ಪ್ರತಿ ಭಾನುವಾರ ಈ ಮನುಷ್ಯ ಅಂಗಳದಲ್ಲಿ ಅಂಗಾತ ಮಲಗಿ ಕಾರಿನ ತಳಕ್ಕೆ ಪೈಪಿನಿಂದ ನೀರು ಹೊಡೆಯುತ್ತಿದ್ದರು. ಇಲ್ಲದ ಉಪ್ಪನ್ನು ತೊಳೆಯುವವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಮರೆಯಬಹುದಿತ್ತು. ಎಲ್ಲ ಊರಲ್ಲೂ ಇಂಥವರೊಬ್ಬರು ಇರುತ್ತಾರೆ. ಈಗ ಬೀಗದ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಬೀಗ ಕೊಟ್ಟಿದ್ದರು, ಅದರ ಮೇಲೆ ಅವರವರ ಫೋಟೋ. ಯಂತ್ರದೊಳಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ, ಸ್ವಿಚ್ಚಿಗೆ ನಿಮ್ಮ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳಬೇಕು. ಆಗ ನೀವು ಒಳಗಿರುವಾಗ ಬೇರೆ ಯಾರೂ ಯಂತ್ರ ಚಾಲೂ ಮಾಡಲಾರರು. "ನಿನ್ನ ಪ್ರಾಣ, ನಿನ್ನ ಕೀಲಿ" ಎನ್ನುವುದು ಅವರ ಮಂತ್ರ. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಪಾಳಿ ಮುಗಿಸಿ ಮನೆ ಸೇರಿದ್ದ ಆ ಫೋರ್ಕ್‌ಲಿಫ್ಟ್ ಚಾಲಕನನ್ನು, ಅವನ ಬೀಗ ಸ್ವಿಚ್ಚಿನಲ್ಲೇ ಉಳಿದಿದೆಯೆಂದು ವಾಪಸ್ ಕರೆಸಿ ತೆಗೆಸಿದ್ದರು. ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ. ಅವರ ಬಗ್ಗೆ ಇದೇ ನನಗೆ ಸಹಿಸಲಾಗದ ಸಂಗತಿ. ತಪ್ಪಿತಸ್ಥರನ್ನು ದ್ವೇಷಿಸುವುದು ಸುಲಭ, ಸರಿಯಿರುವವರನ್ನು ದ್ವೇಷಿಸಲು ಬಹಳ ಕಷ್ಟಪಡಬೇಕು. ನಾನು ಕಷ್ಟಪಟ್ಟಿದ್ದೇನೆ.

ನಾನು ಸೇರಿದ ಎರಡನೇ ವರ್ಷ ಆಯುಧಪೂಜೆ ಶುಕ್ರವಾರ ಬಂತು. ಇಲ್ಲೇ ಖಾಯಂ ನೆಲೆಸಲು ಹಾಕುವ ನನ್ನ ರೆಸಿಡೆನ್ಸಿ ಅರ್ಜಿಗೆ ಎಲ್ಲ ಕಾಗದಗಳೂ ಕೂಡಿದ್ದವು. ಅರ್ಜಿಯಲ್ಲಿ ಮೂರು ಹೆಸರು: ನನ್ನದು, ಗದಗಿನಲ್ಲಿದ್ದ ನನ್ನ ಗಂಡನದು, ಮಗಳದು. ಆರು ತಿಂಗಳು ತುಂಬದ ಮಗಳನ್ನು ಗಂಡನ ಕೈಗೆ ಕೊಟ್ಟು ವಿಮಾನ ಹತ್ತಿದ್ದವಳು ನಾನು. ಅವಳಿಗಾಗ ಮೂರು ನಡೆಯುತ್ತಿತ್ತು. ಉಳಿದಿದ್ದು ಫ್ಯಾಕ್ಟರಿ ಮ್ಯಾನೇಜರನ ಒಂದು ಪತ್ರ, ಈ ಹೆಂಗಸಿಗೆ ಇಲ್ಲಿ ಖಾಯಂ ಕೆಲಸವಿದೆ ಎಂದು. ಸೋಮವಾರ ಸಹಿ ಮಾಡುತ್ತೇನೆ ಎಂದಿದ್ದ.

ಆ ಸಂತೋಷದಲ್ಲಿ ನನಗೆ ಪ್ರೆಸ್ಸಿಗೆ ಪೂಜೆ ಮಾಡಬೇಕೆನ್ನಿಸಿತು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ, ಈಳಿಗೆಮಣೆಗೆ, ಎಲ್ಲಕ್ಕೂ ಪೂಜೆ. ಒಂದೂವರೆ ವರ್ಷ ಅನ್ನ ಕೊಟ್ಟ ಯಂತ್ರಕ್ಕೆ ಒಂದು ಹೂವಿಲ್ಲವೆಂದರೆ ಹೇಗೆ. ಅವರನ್ನು ಕೇಳಿದೆ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು "ದಸರಾ ಅಲ್ವಾ. ಮಾಡಮ್ಮಾ. ಕುಂಬಳಕಾಯಿ ಒಡೆಯೋ ಹಾಗಿಲ್ಲ, ಯಾರಾದ್ರೂ ಜಾರ್ತಾರೆ. ದೀಪ, ಊದುಬತ್ತಿ ಬೇಡ, ಅಲಾರಾಂ ಹೊಡ್ಕೊಳುತ್ತೆ. ಹೂವು ಕುಂಕುಮ ಸಾಕು" ಎಂದರು. ಆ ಸ್ವರ ಅವರದ್ದಾಗಿರಲಿಲ್ಲ, ಮೈಸೂರಿನ ಯಾವುದೋ ಮನೆಯ ಹುಡುಗನದ್ದಾಗಿತ್ತು.

ಇಲ್ಲಿ ಅಕ್ಟೋಬರ್ ಎಂದರೆ ವಸಂತ, ಚೆಂಡುಹೂವು ಸಿಗುವುದಿಲ್ಲ. ಸೂಪರ್ ಮಾರ್ಕೆಟ್ಟಿನಿಂದ ಹಳದಿ ಡ್ಯಾಫೊಡಿಲ್ ತಂದು ದಾರದಲ್ಲಿ ಕಟ್ಟಿದ್ದೆ. ಊಟದ ಬಿಡುವಿನಲ್ಲಿ ಯಂತ್ರ ನಿಂತಿತ್ತು. ಹಾರ ಹಾಕಿದೆ, ಅರಿಸಿನ ಹಚ್ಚಿದೆ. ಯಂತ್ರದ ಮೈಗೆಲ್ಲ ಕುಂಕುಮವಿಟ್ಟ ಮೇಲೆ, ನಿಜವಾಗಿ ಕೆಲಸ ಮಾಡುವುದು ಒಳಗಿನ ಅಚ್ಚು, ಅದಕ್ಕಿಡದೆ ಬಿಡಬಾರದು ಎನ್ನಿಸಿತು. ಉಂಗುರ ಬೆರಳಿಗೆ ಕುಂಕುಮ ತೆಗೆದುಕೊಂಡು, ಬಾಗಿ, ನೂರು ಟನ್ ಭಾರ ಹಾಕಿ ಒತ್ತುವ ಉಕ್ಕಿನ ದಿಮ್ಮಿಯ ಕೆಳಗೆ ಕೈ ಹಾಕಿ ಅಚ್ಚಿಗೆ ಬೊಟ್ಟಿಟ್ಟೆ. ನನ್ನ ಕೆಂಪು ಬೀಗ ಸೊಂಟದಲ್ಲೇ ಇತ್ತು. ದೇವರಿಗೆ ಕುಂಕುಮವಿಡುವಾಗ ಯಾರಾದರೂ ಬೀಗ ಹಾಕುತ್ತಾರೆಯೇ? ನನ್ನ ಮಟ್ಟಿಗೆ ಆ ಗಳಿಗೆಯಲ್ಲಿ ಅದು ಯಂತ್ರವೇ ಆಗಿರಲಿಲ್ಲ.

ಅವರು ಹಳದಿ ಗೆರೆಯಾಚೆ ಕೈಮುಗಿದು ನಿಂತಿದ್ದರು. ಕಣ್ಣು ತೆರೆದೇ ಇತ್ತು, ನಾನು ಕೈ ಹಾಕಿದ್ದನ್ನು ನೋಡಿದರು. ತೆಗೆದಿದ್ದನ್ನೂ ನೋಡಿದರು. ಒಂದು ಮಾತೂ ಆಡಲಿಲ್ಲ. ಆಮೇಲೆ ಕಡಲೆ ಉಸಳಿ ಕೊಟ್ಟೆ. ಎರಡು ಸಲ ಹಾಕಿಸಿಕೊಂಡು ತಿಂದರು, ಕುಂಕುಮವನ್ನು ನಡುಬೆರಳಿನಿಂದ ಹಣೆಗಿಟ್ಟುಕೊಂಡರು. ಮಧ್ಯಾಹ್ನ ಮೂರು ಗಂಟೆಗೆ ನನ್ನನ್ನು ಆಫೀಸಿಗೆ ಕರೆದು ಒಂದು ಹಾಳೆ ಕೈಗಿಟ್ಟರು. ಸುರಕ್ಷತಾ ವರದಿ. ಒಬ್ಬ ಕೆಲಸಗಾರ್ತಿ ಬೀಗ ಹಾಕದೆ ಪ್ರೆಸ್ಸಿನ ಅಚ್ಚಿನೊಳಗೆ ಕೈ ಹಾಕಿದ್ದು ಕಂಡುಬಂದಿದೆ ಎಂದಿತ್ತು, ಕೆಳಗೆ ನನ್ನ ಹೆಸರು. ಯಾರಿಗೆ ಕಂಡುಬಂತು, ಯಾರು ಅನುಮತಿ ಕೊಟ್ಟಿದ್ದರು, ಯಾರು ಅಲ್ಲೇ ನಿಂತಿದ್ದರು ಎಂಬುದಿರಲಿಲ್ಲ. ಅವರ ಹಣೆಯಲ್ಲಿ ನಾನು ಕೊಟ್ಟ ಕುಂಕುಮ ಹಾಗೇ ಇತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ಅಂದು ಕಣ್ಣಾರೆ ಕಂಡೆ.

ರಾತ್ರಿಯೆಲ್ಲ ಅತ್ತು ಮಾರನೆಯ ದಿನ ಅವರ ಮನೆಗೆ ಹೋದೆ. ಅಂದು ವಿಜಯದಶಮಿ. ನಮ್ಮ ಕಡೆ ಅಂದು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಕೈಗಿಟ್ಟರೆ ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು. ಎಂಥ ವೈರಿಯಾದರೂ ಬನ್ನಿ ತೆಗೆದುಕೊಳ್ಳಲೇಬೇಕು, ಅದು ರೂಢಿ. ಕ್ರೈಸ್ಟ್‌ಚರ್ಚಿನಲ್ಲಿ ಬನ್ನಿ ಎಲ್ಲಿ ತರುವುದು? ನಮ್ಮ ಫ್ಲ್ಯಾಟಿನ ಬೇಲಿಯಲ್ಲೊಂದು ಕೋಫಾಯ್ ಮರವಿತ್ತು, ಹಳದಿ ಹೂವಿನದು. ಅದರ ಎಲೆ ಬನ್ನಿಯಷ್ಟೇ ಸಣ್ಣದು. ಒಂದು ಹಿಡಿ ಕಿತ್ತುಕೊಂಡು ಹೋದೆ.

ಬಾಗಿಲು ತೆರೆದವರು ಅವರೇ. ಎಲೆ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸರ್" ಎಂದೆ.

ಅವರು ಎಲೆಯನ್ನು ತಿರುವಿ ಮುರುವಿ ನೋಡಿ, "ಇದು ಬನ್ನಿ ಅಲ್ವಲ್ಲಮ್ಮಾ" ಎಂದರು.

ಒಳಗೆ ಕೂರಿಸಿದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. "ಸೋಮವಾರ ನನ್ನ ಪತ್ರಕ್ಕ ಸಹಿ ಆಗ್ಬೇಕ್ರಿ. ಆ ವರದಿ ಹೋತಂದ್ರ ಸಹಿ ಮಾಡಂಗಿಲ್ಲ ಅವ. ನನ್ನ ಮಗಳ್ನ ಕರಕೊಂಡು ಬರೂದದ. ವಾಪಸ್ ತಗೋರಿ."

"ನಾನು ನೋಡಿದ್ದನ್ನ ಬರ್ದಿದೀನಿ. ನೋಡ್ದೇ ಇರೋದನ್ನ ಬರ್ದಿಲ್ಲ."

"ನೀವ ಮಾಡು ಅಂದ್ರಲ್ರಿ. ನೀವ ಅಲ್ಲೇ ಕೈಮುಗದು ನಿಂತಿದ್ರಲ್ರಿ."

"ನಾನು ಗೆರೆ ಆಚೆ ನಿಂತಿದ್ದೆ."

ಈ ಮಾತು ನಾಲ್ಕು ವರ್ಷವಾದರೂ ನನ್ನ ಕಿವಿಯಲ್ಲಿದೆ. ನಿಜ, ಗೆರೆಯಾಚೆಯೇ ನಿಂತಿದ್ದರು. ಬೂಟಿನ ತುದಿಯೂ ಗೆರೆ ಮುಟ್ಟಿರಲಿಲ್ಲ.

"ಹಂಗಾರ ಒಂದು ಮಾತ ಕೇಳ್ತೇನ್ರಿ" ಎಂದೆ. "ನಾ ಕೈ ಹಾಕೂದು ನೋಡಿದ್ರಿ. ಬೀಗ ಹಾಕು ಅಂತ ಒಂದು ಮಾತ ಅಂದಿದ್ರ ನಾ ಹಾಕ್ತಿರಲಿಲ್ಲೇನ್ರಿ? ಎಲ್ಲಾದಕ್ಕೂ ಕೈ ಎತ್ತತೀರಿ. ನಿನ್ನಿ ಯಾಕ ಎತ್ತಲಿಲ್ಲ?"

ಅವರು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ಆಮೇಲೆ, ದೇವರಾಣೆ, ಅದೇ ಅಂಗೈ ಎತ್ತಿದರು. "ಆ ಸರೋವರಗಳಲ್ಲಿ ಅದಿರಿನ ಹಡಗು ಓಡುತ್ತಲ್ಲ, ಸಾವಿರ ಅಡಿ ಉದ್ದ. ನಿಲ್ಲಿಸ್ಬೇಕು ಅಂತ ಕ್ಯಾಪ್ಟನ್‌ಗೆ ಗೊತ್ತಾಗಿರುತ್ತೆ. ಇಂಜಿನ್ನೂ ಆರಿಸಿರ್ತಾನೆ. ಆದ್ರೂ ಅದು ಹೋಗ್ತಾನೇ ಇರುತ್ತೆ, ಮೈಲಿಗಟ್ಲೆ. ಅಷ್ಟು ಭಾರ..."

ನಾನು ಎದ್ದುಬಿಟ್ಟೆ. ನನ್ನ ಮಗಳ ಮಾತಾಡುತ್ತಿದ್ದರೆ ಹಡಗಿನ ಪಾಠ ಹೇಳುವ ಮನುಷ್ಯ. "ನಿಮ್ಮ ಮಿಷಿಗನ್‌ಗ ಬೆಂಕಿ ಹಚ್ರಿ" ಎಂದೆ. ಹಿರಿಯರಿಗೆ ಹಾಗೆ ಅಂದಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವರ ಹೆಂಡತಿ ಗೇಟಿನವರೆಗೂ ಬಂದರು, ಕೈಯಲ್ಲಿ ನನ್ನ ಕೋಫಾಯ್ ಎಲೆ. "ಇದನ್ನ ದೇವರ ಮುಂದೆ ಇಡ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು. ನಾನು ಸಿಟ್ಟಿನಲ್ಲಿ, ಅವರು ಎಷ್ಟು ವರ್ಷ ಇದ್ದರು ಆ ಹಾಳು ಊರಿನಲ್ಲಿ ಎಂದು ಕೇಳಿದೆ.

"ಎಷ್ಟು ವರ್ಷ ಎಲ್ಲಿ ಬಂತಮ್ಮಾ, ಎರಡು ಚಳಿಗಾಲ ಅಷ್ಟೇ. ಎರಡನೇದು ಆಸ್ಪತ್ರೇಲೇ ಕಳೀತು. ಮೆಷಿನ್ ನಿಂತಿತ್ತಂತೆ, ಇವ್ರು ಬೀಗ ಹಾಕಿರ್ಲಿಲ್ಲ. ಒಳಗೆ ಕೈ ಹಾಕಿದಾರೆ ಅಂತ ಗೊತ್ತಿಲ್ದೆ ಯಾರೋ ಚಾಲೂ ಮಾಡಿದ್ರು. ಪಕ್ಕದಲ್ಲಿ ನಿಂತು ನೋಡ್ತಿದ್ದೋನು ಬಾಯೇ ಬಿಡ್ಲಿಲ್ಲ. ಕೈ ವಾಸಿಯಾಗೋಷ್ಟರಲ್ಲಿ ಕೆಲಸಾನೂ ಇರ್ಲಿಲ್ಲ, ವೀಸಾನೂ ಇರ್ಲಿಲ್ಲ."

ಕೇಳಿ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ಎರಡು ಚಳಿಗಾಲ ಇದ್ದ ಊರಿಗೆ ಜೀವಮಾನವೆಲ್ಲ ಗೈಡ್ ಆಗಿದ್ದ ಮನುಷ್ಯ. ಕೆಲಸದ ಜೊತೆ ವೀಸಾ ಹೋದರೆ ಹೇಗಿರುತ್ತದೆಂದು ಈ ಇಡೀ ಹಾರ್ನ್‌ಬಿಯಲ್ಲಿ ಗೊತ್ತಿದ್ದವರು ಅವರೊಬ್ಬರೇ. ಗೊತ್ತಿದ್ದೇ ಬರೆದರು.

ಸೋಮವಾರ ಸಹಿಯಾಗಲಿಲ್ಲ. ವಿಚಾರಣೆಯಾಯಿತು. ಅಲ್ಲಿ ನಾನು, ಸೂಪರ್‌ವೈಸರೇ ಅನುಮತಿ ಕೊಟ್ಟಿದ್ದು ಎಂದೆ. ಮ್ಯಾನೇಜರ್ ಅವರತ್ತ ತಿರುಗಿದ. ಹೂವಿಡಲು ಅನುಮತಿ ಕೊಟ್ಟಿದ್ದೆ, ಅಚ್ಚಿನೊಳಗೆ ಕೈ ಹಾಕಲು ಕೊಟ್ಟಿರಲಿಲ್ಲ ಎಂದರು. ಅದೂ ನಿಜವೇ. ನನಗೆ ಕೊನೆಯ ಎಚ್ಚರಿಕೆ ಕೊಟ್ಟರು, ಕರಾರು ಮುಗಿದಾಗ ಮುಂದುವರಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಕ್ಲೆಂಡಿಗೆ ಬಂದು ಸ್ಯಾಂಡ್ರಿಂಗಮ್ ಬಡಾವಣೆಯ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಗೆಳತಿಯ ಜೊತೆ ಉಳಿದು, ಊರೆಲ್ಲ ಅರ್ಜಿ ಹಾಕಿ, ಕಡೆಗೆ ಊರಿನ ದಕ್ಷಿಣ ತುದಿಯ ಪಾಪಕುರಾದ ಒಂದು ತಗಡಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಕಾಗದಗಳನ್ನೆಲ್ಲ ಮೊದಲಿನಿಂದ ಶುರುಮಾಡಿದೆ. ಹದಿನೆಂಟು ತಿಂಗಳು ತಡವಾಯಿತು.

ಗಂಡ ಮಗಳು ಬಂದಿಳಿದಾಗ ಅವಳಿಗೆ ನಾಲ್ಕೂವರೆ ವರ್ಷ. ವಿಮಾನ ನಿಲ್ದಾಣದಲ್ಲಿ ನಾನು ಕೈಚಾಚಿದೆ. ಅವಳು ಅಪ್ಪನ ಕಾಲಿನ ಹಿಂದೆ ಸರಿದು ನನ್ನನ್ನೇ ನೋಡಿ, "ಅಪ್ಪಾ, ಫೋನಿನ್ಯಾಗಿನ ಅವ್ವ ಎಲ್ಲಿ ಅದಾಳ?" ಎಂದು ಕೇಳಿದಳು.

ಈಗ ಅವಳಿಗೆ ಏಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ನನ್ನ ಕೊರಳು ತಬ್ಬಿ ಮಲಗುತ್ತಾಳೆ, ಆ ಮಾತು ಅವಳಿಗೆ ನೆನಪೇ ಇಲ್ಲ. ನನಗಿದೆ. ಅವರ ಸಾವಿನ ಸುದ್ದಿ ಬಂದಾಗ ಮೊದಲು ನೆನಪಾಗಿದ್ದು ಅದೇ. ಹಾಗಾಗಿ ಬರೆಯುವುದಿಲ್ಲ ಎಂದೆ.

ಆಮೇಲೆ ಈ ವರ್ಷದ ಆಯುಧಪೂಜೆ ಬಂತು. ಪಾಪಕುರಾದಲ್ಲಿ ಈಗ ನಾನೇ ಪಾಳಿಯ ಸೂಪರ್‌ವೈಸರ್. ಮಧುರೆ ಕಡೆಯ ಒಬ್ಬ ತಮಿಳು ಹೆಂಗಸು ನಮ್ಮಲ್ಲಿ ಪ್ರೆಸ್ ನಡೆಸುತ್ತಾರೆ, ನನಗಿಂತ ಹತ್ತು ವರ್ಷ ದೊಡ್ಡವರು. ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿ ಕಾಯುತ್ತಿದ್ದಾರೆ. ಪೂಜೆ ಮಾಡಲೇ ಎಂದು ಕೇಳಿದರು. ಮಾಡಿ ಎಂದೆ. ಬೀಗದ ಬಗ್ಗೆ ಹೇಳಬೇಕೆಂದು ಬೆಳಿಗ್ಗೆಯೇ ಅಂದುಕೊಂಡಿದ್ದೆ. ಆದರೆ ಅವರು ಮನೆಯಲ್ಲಿ ಬೆಳೆದ ದಾಸವಾಳ ತಂದಿದ್ದರು, ಸಣ್ಣ ದನಿಯಲ್ಲಿ ಏನೋ ಹಾಡುತ್ತಿದ್ದರು, ಕುಂಕುಮದ ವಾಸನೆಗೆ ನನಗೆ ನಮ್ಮವ್ವನ ಹೊಲಿಗೆ ಯಂತ್ರ ಕಣ್ಣಿಗೆ ಕಟ್ಟಿತು. ಹಳದಿ ಗೆರೆಯಾಚೆ ನಿಂತು ಕೈಮುಗಿದೆ. ಬೀಗ ನನ್ನ ತಲೆಯಿಂದ ಪೂರ್ತಿ ಹೋಗಿಬಿಟ್ಟಿತ್ತು.

ಕಣ್ಣು ಬಿಟ್ಟಾಗ ಆಕೆ ಬಾಗಿದ್ದರು. ಉಂಗುರ ಬೆರಳಲ್ಲಿ ಕುಂಕುಮವಿತ್ತು, ಸ್ವಿಚ್ಚಿನಲ್ಲಿ ಬೀಗವಿರಲಿಲ್ಲ. ಕೂಗಬೇಕು ಎಂದುಕೊಂಡೆ, ದನಿ ಹೊರಡಲಿಲ್ಲ. ಮುಗಿದ ಕೈಗಳನ್ನು ಬಿಡಿಸಬೇಕು ಎಂದುಕೊಂಡೆ, ಅವು ಯಾರದೋ ಕೈಗಳಂತೆ ಅಂಟಿಕೊಂಡಿದ್ದವು. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ, ಒಂದು ಉಸಿರಿನಷ್ಟಿರಬೇಕು. ಅಷ್ಟರಲ್ಲಿ ಆ ಸಾವಿರ ಅಡಿಯ ಹಡಗು ನನ್ನ ಕಣ್ಣಮುಂದೆ ಹಾದುಹೋಯಿತು. ಅಂದು ಅವರು ನನಗೆ ಹೇಳಿದ್ದು ಭೂಗೋಳವಾಗಿರಲಿಲ್ಲ ಎಂದು ನನಗೆ ಅಲ್ಲಿ, ಆ ಗೆರೆಯ ಪಕ್ಕದಲ್ಲಿ ತಿಳಿಯಿತು. ನೋಡಿದ್ದರು, ನಿಲ್ಲಿಸಬೇಕೆಂದೂ ಅಂದುಕೊಂಡಿದ್ದರು, ಅವರ ಕೈ ಮೇಲೇಳಲಿಲ್ಲ.

ನನ್ನ ಕೈ ಎದ್ದಿತು. ಬಲಗೈ, ಅಂಗೈ ಮುಂದಕ್ಕೆ, ಐದೂ ಬೆರಳು. ಆಕೆ ನೋಡಿ ಅಲ್ಲೇ ನಿಂತರು. ಬೆರಳಿಗೂ ಅಚ್ಚಿಗೂ ಒಂದು ಗೇಣು ಉಳಿದಿತ್ತು. "ಅಕ್ಕಾ, ಲಾಕ್" ಎಂದೆ. ಅವರು ನಾಲಿಗೆ ಕಚ್ಚಿಕೊಂಡು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಆಮೇಲೆ ಕುಂಕುಮವಿಟ್ಟರು.

ಇದರಿಂದ ನಾನು ಅವರನ್ನು ಕ್ಷಮಿಸಿದೆ ಎಂದು ಯಾರೂ ತಿಳಿಯಬಾರದು. ಹೆಪ್ಪುಗಟ್ಟಿ ನಿಂತಿದ್ದನ್ನು ಕ್ಷಮಿಸಬಹುದಿತ್ತು, ನಾನೂ ನಿಂತಿದ್ದೆ. ಆದರೆ ಆ ಮಾತನ್ನು ಅವರು ಹಡಗಿನ ಹೆಸರಲ್ಲಿ ನನಗೆ ಹೇಳಿದರೇ ಹೊರತು, ಅದನ್ನು ಹೇಳಬೇಕಾಗಿದ್ದ ಹಾಳೆಯ ಮೇಲೆ ಬರೆಯಲಿಲ್ಲ.

ಕೈ ಒಳಗೆ ಹೋಗದಿದ್ದರೂ ನಿಯಮದ ಪ್ರಕಾರ ವರದಿ ಬರೆಯಬೇಕು. ಆಕೆ ಕೊಟ್ಟ, ನಮ್ಮ ಕಡಲೆ ಉಸಳಿಯಂಥ ಸುಂಡಲ್ಲಿನ ಬಟ್ಟಲನ್ನು ಮೇಜಿನ ಮೇಲೆ ಹಾಗೇ ಇಟ್ಟು, ಮೊದಲು ಹಾಳೆ ತೆಗೆದುಕೊಂಡೆ. ಪೂಜೆಗೆ ಅನುಮತಿ ಕೊಟ್ಟವಳು ನಾನು ಎಂದು ಬರೆದೆ. ಬೀಗ ಹಾಕಿ ಎಂದು ಮೊದಲೇ ಹೇಳದವಳು ನಾನು. ಗೆರೆಯಾಚೆ ಕೈಮುಗಿದು ನಿಂತು, ಕಂಡೂ ತಡವಾಗಿ ಕೈ ಎತ್ತಿದವಳು ನಾನು. ಆಕೆಯ ಹೆಸರು ಅದರ ಕೆಳಗೆ ಬಂತು, ಹೇಳಿದ ತಕ್ಷಣ ನಿಲ್ಲಿಸಿದರು ಎಂಬ ಸಾಲಿನ ಜೊತೆ. ಮ್ಯಾನೇಜರ್ ನನ್ನನ್ನು ಕರೆಸಿ ಗದರಿದ, ಆಕೆಯ ಕಾಗದಗಳ ಮಾತೇ ಬರಲಿಲ್ಲ. ಸಹಿ ಹಾಕಿ ಗಡಿಯಾರ ನೋಡಿಕೊಂಡಿದ್ದೆ. ಅಷ್ಟೂ ಬರೆಯಲು ನನಗೆ ನಾಲ್ಕು ನಿಮಿಷ ಹಿಡಿದಿತ್ತು. ಅವರಿಗೂ ಅಷ್ಟೇ ಹಿಡಿಯುತ್ತಿತ್ತು.